ಕದಲಿಸದ ಸ್ಪ್ಯಾನರುಗಳು

ಇವರು ಕಾರನ್ನು ಗ್ಯಾರೇಜಿಗೆ ಕೊಟ್ಟವರೇ ಅಲ್ಲ. ಮದುವೆಯಾಗಿ ನಾನು ಜರ್ಮನಿಯ ಡಾರ್ಮ್‌ಸ್ಟಾಟಿಗೆ ಬಂದಾಗ ಇದ್ದ ತುಕ್ಕು ಹಿಡಿದ ಕೆಂಪು ಡಬ್ಬಿಯಿಂದ ಹಿಡಿದು ಈಗಿನ ಬೂದು ಬಣ್ಣದ ಕಾರಿನವರೆಗೆ, ಆಯಿಲ್ ಬದಲಿಸುವುದು, ಫಿಲ್ಟರ್ ಹಾಕುವುದು, ಪ್ಲಗ್ ಉಜ್ಜುವುದು, ಬ್ರೇಕ್ ಪ್ಯಾಡ್ ತೊಡಿಸುವುದು, ಬೇಸಿಗೆಯ ಚಕ್ರ ತೆಗೆದು ಚಳಿಗಾಲದ ಚಕ್ರ ಹಾಕುವುದು ಎಲ್ಲದಕ್ಕೂ ಇವರದೇ ಕೈ. ಇವರು ಅಂದರೆ ನನ್ನ ಗಂಡ. ಉಡುಪಿಯ ಕಡೆಯ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಇಲ್ಲಿನ ಕಚೇರಿಗಳ ಕೌಂಟರಿನಲ್ಲಿ ಮಾತ್ರ ನಾಚಿಕೆ ಬಿಟ್ಟು ಹೇಳಿದ್ದೇನೆ.

ಇವರ ಉದ್ಯೋಗ ಆಕಾಶಕ್ಕೆ ಹಾರಿಬಿಟ್ಟ ಉಪಗ್ರಹಗಳನ್ನು ನೆಲದಲ್ಲಿ ಕೂತು ನೋಡಿಕೊಳ್ಳುವುದಾಗಿತ್ತು. ಕೆಟ್ಟರೆ ಹತ್ತಿರ ಹೋಗಿ ಮುಟ್ಟಲಾಗದ ಯಂತ್ರಗಳವು. 'ವಾರವಿಡೀ ಮುಟ್ಲಿಕ್ಕಾಗದ್ದನ್ನು ರಿಪೇರಿ ಮಾಡಿ ಸಾಕಾಗ್ತದೆ ಮಾರಾಯ್ತಿ. ಇದೊಂದಾದ್ರೂ ಕೈಗೆ ಸಿಗ್ತದೆ' ಎನ್ನುತ್ತಿದ್ದರು. ಶನಿವಾರ ಬಂತೆಂದರೆ ಕಾರಿನ ಕೆಳಗೆ. ನನಗೆ ಸಿಟ್ಟು ಬರುತ್ತಿತ್ತು. ಎಷ್ಟು ಮದುವೆ ಮುಂಜಿಗಳಲ್ಲಿ ಇವರು ಉಗುರಿನ ಸಂದಿಯಲ್ಲಿ ಕಪ್ಪು ಇಟ್ಟುಕೊಂಡು ಎಲೆಯ ಮುಂದೆ ಕೂತಿಲ್ಲ! ಬಾತ್‌ಟಬ್ಬಿನ ಅಂಚಿನಲ್ಲಿ ಹತ್ತಿದ ಗ್ರೀಸನ್ನು ಉಜ್ಜಿ ಉಜ್ಜಿ ನನ್ನ ಮೊಣಕೈ ನೋಯುತ್ತಿತ್ತು. ಆದರೂ ಹೇಳಬೇಕಾದ್ದನ್ನು ಹೇಳುತ್ತೇನೆ, ಇಷ್ಟು ವರ್ಷಗಳಲ್ಲಿ ನಮ್ಮ ಕಾರು ಒಮ್ಮೆಯೂ ಆಟೋಬಾನ್ ಹೆದ್ದಾರಿಯ ಬದಿಯಲ್ಲಿ ಹೊಗೆ ಬಿಡುತ್ತಾ ನಿಂತದ್ದಿಲ್ಲ.

ನಾವಿರುವ ಕಟ್ಟಡದ ಹೋಫ್‌ನಲ್ಲಿ, ಅಂದರೆ ಹಿಂದಿನ ಅಂಗಳದಲ್ಲಿ, ಇಂಥ ಕೆಲಸಕ್ಕೆ ಅವಕಾಶವಿಲ್ಲ. ಒಂದು ಹನಿ ಆಯಿಲ್ ಬಿದ್ದರೂ ಮೇಲಿನ ಮನೆಯ ಮುದುಕಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೆಲದೊಳಗಿನ ನೀರಿನ ಬಗ್ಗೆ ಉಪನ್ಯಾಸ ಕೊಡುತ್ತಾಳೆ. ಅದಕ್ಕೆ ಊರಿನ ಅಂಚಿನಲ್ಲಿ ಒಂದು ಮೀಟ್‌ವೆರ್ಕ್‌ಶ್ಟಾಟ್ ಇದೆ. ಕಾರು ಎತ್ತುವ ಲಿಫ್ಟನ್ನೂ ಜಾಗವನ್ನೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ದೊಡ್ಡ ಶೆಡ್ಡು ಅದು. ಕೆಲಸ ನಾವೇ ಮಾಡಿಕೊಳ್ಳಬೇಕು. ಹೆಂಡತಿಯರನ್ನು ಕಟ್ಟಿಕೊಂಡು ಅಲ್ಲಿಗೆ ಬರುವ ಗಂಡಸರು ಕಡಿಮೆ. ನಾನು ಮಾತ್ರ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಅವಲಕ್ಕಿ ಹಿಡಿದುಕೊಂಡು ಇವರ ಜೊತೆ ಹೋಗುತ್ತಿದ್ದೆ. ದೀಪ ಹಿಡಿಯುವುದು, ಕೇಳಿದ್ದನ್ನು ಕೊಡುವುದು ನನ್ನ ಕೆಲಸ. ಹದಿನೇಳರ ಸ್ಪ್ಯಾನರು ಕೇಳಿದರೆ ಹತ್ತೊಂಬತ್ತರದ್ದು ಕೊಟ್ಟು ಬೈಸಿಕೊಳ್ಳುವುದೂ ನನ್ನದೇ ಕೆಲಸ.

ಕಳೆದ ವಸಂತದಲ್ಲಿ ಆಲೂಗಡ್ಡೆ ತರಲು ಕೆಲ್ಲರಿಗೆ, ನಮ್ಮ ನೆಲಮಾಳಿಗೆಯ ಕೋಣೆಗೆ, ಇಳಿದಿದ್ದೆ. ಶೆಲ್ಫಿನಲ್ಲಿ ಒಂದೇ ಬಗೆಯ ಆಯಿಲ್ ಫಿಲ್ಟರುಗಳು ಸಾಲಾಗಿ ಕೂತಿದ್ದವು. ಒಂದರ ಡಬ್ಬಿಯೂ ಬಿಚ್ಚಿರಲಿಲ್ಲ.

'ಎಂತ, ಅಂಗಡಿ ಇಡ್ಲಿಕ್ಕುಂಟಾ?' ಎಂದು ಮೇಲೆ ಬಂದು ಕೇಳಿದೆ.

ಇವರು ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ನಕ್ಕರು. 'ಇರ್ಲಿ, ಬೇಕಾಗ್ತದೆ.'

ನಾನೂ ನಕ್ಕೆ. ನಿವೃತ್ತರಾದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ, ಇವರಿಗೆ ಫಿಲ್ಟರಿನದು ಹಿಡಿದಿದೆ ಎಂದುಕೊಂಡು ಸುಮ್ಮನಾದೆ.

ಬೇಸಿಗೆಯಲ್ಲಿ ಒಂದು ದಿನ ಅಂಗಡಿಗೆ ಹೋಗುವಾಗ ಕಾರಿನೊಳಗೆ ಸುಟ್ಟ ವಾಸನೆ ಬಂತು. ನಿಲ್ಲಿಸಿ ಬಾನೆಟ್ ಎತ್ತಿದರೆ ಆಯಿಲ್ ಹೊಯ್ಯುವ ಬಾಯಿಗೆ ಮುಚ್ಚಳವೇ ಇಲ್ಲ. ಇಂಜಿನ್ನಿನ ಮೇಲೆಲ್ಲ ಆಯಿಲ್ ಚಿಮ್ಮಿ ಕುದಿಯುತ್ತಿತ್ತು. ಇವರು ಅಲ್ಲಿ ಇಲ್ಲಿ ಹುಡುಕಿದರು. ಮುಚ್ಚಳ ಇದ್ದದ್ದು ಇವರದೇ ಜಾಕೆಟಿನ ಜೇಬಿನಲ್ಲಿ. ನಾನೇ ತೆಗೆದು ಮುಖದ ಮುಂದೆ ಹಿಡಿದೆ.

'ಇದನ್ನು ಇಲ್ಲಿ ಯಾರು ಇಟ್ಟದ್ದು?' ಎಂದರು, ನನ್ನನ್ನು ಅನುಮಾನದಿಂದ ನೋಡುತ್ತಾ.

ನನ್ನ ಮೈ ಉರಿದುಹೋಯಿತು. ನನ್ನದು ಮೂಗಿನ ತುದಿಯಲ್ಲೇ ಇರುವ ಕೋಪ. ಆ ಪಾರ್ಕಿಂಗ್ ಜಾಗದಲ್ಲಿ, ತಳ್ಳುಗಾಡಿ ತಳ್ಳಿಕೊಂಡು ಹೋಗುವವರೆಲ್ಲ ತಿರುಗಿ ನೋಡುವಂತೆ ಕನ್ನಡದಲ್ಲಿ ಜಗಳವಾಡಿದೆ. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ನಿಮಗೆ ಯಾವತ್ತೂ ಆಗುವುದಿಲ್ಲ, ನಿಮ್ಮ ಅಮ್ಮನೂ ಹೀಗೇ ಇದ್ದದ್ದು ಎಂದೆಲ್ಲ ಹೇಳಿದೆ. ಇವರು ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ಅದರ ಎರಡೂ ಬದಿಯನ್ನು ತಿರುವಿ ತಿರುವಿ ನೋಡುತ್ತಿದ್ದರು. ಅದು ಜಗಳವಾಡುವ ವಿಷಯವೇ ಅಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಆ ನಂತರದ ಒಂದು ಭಾನುವಾರ ಮಗಳ ಫೋನು ಬಂತು. ಅವಳಿರುವುದು ಬರ್ಲಿನ್ನಿನಲ್ಲಿ. ಮಗು ಹುಟ್ಟಿದ ಮೇಲೆ ವರ್ಷವಿಡೀ ಮನೆ ಹುಡುಕಿ, ಕೊನೆಗೆ ಸಿಕ್ಕಿದ್ದು ಊರ ಹೊರಗೆ. ಇಷ್ಟು ದಿನ ಊ-ಬಾನ್ ರೈಲು, ಸೈಕಲ್ಲು ಎಂದು ನಡೆಸಿದವಳಿಗೆ ಈಗ ಕಾರು ಬೇಕು. ನಮಗೆ ಟ್ರಾಮು ಸಾಕು, ನಮ್ಮದನ್ನೇ ತೆಗೆದುಕೊಂಡು ಹೋಗು ಎಂದರು ಇವರು. ನವರಾತ್ರಿ ಮುಗಿದ ವಾರಾಂತ್ಯಕ್ಕೆ ಅವಳು ಮಗುವನ್ನು ಕಟ್ಟಿಕೊಂಡು ರೈಲಿನಲ್ಲಿ ಬರುವುದು, ಭಾನುವಾರ ಕಾರಿನಲ್ಲಿ ವಾಪಸಾಗುವುದು ಎಂದು ತೀರ್ಮಾನವಾಯಿತು.

'ಅಮ್ಮಾ, ಗ್ಯಾರೇಜಲ್ಲಿ ಚೆಕ್ ಮಾಡಿಸೋದು ಎಲ್ಲ ಬೇಡ' ಎಂದಳು ಮಗಳು. 'ಪಾಪಾ ನೋಡಿದ್ದಾನೆ ಅಂದ್ರೆ ಪಾಸ್ಟ್. ನಾನು ಕಣ್ಣು ಮುಚ್ಚಿ ಓಡಿಸ್ತೇನೆ.'

'ಪಾಸ್ಟ್' ಎಂದರೆ ಇಲ್ಲಿನವರ ಮಾತಿನಲ್ಲಿ ಎಲ್ಲ ಸರಿ ಎಂದು. ಅದನ್ನು ಕೇಳಿ ಇವರ ಮುಖ ಅರಳಿತು. ಬ್ರೇಕಿನ ಎಣ್ಣೆ ಹೊಸದು, ಪ್ಯಾಡು ಹೊಸದು, ಚಳಿಗಾಲದ ಚಕ್ರ, ಹಾಕಬೇಕಾದ ಒಂದೊಂದನ್ನೂ ಬೆರಳು ಮಡಚಿ ಹೇಳಿದರು. ಬಹಳ ದಿನಗಳ ಮೇಲೆ ಅಷ್ಟು ಉತ್ಸಾಹದಲ್ಲಿದ್ದರು.

ಬ್ರೇಕಿನ ಎಣ್ಣೆ ಬದಲಿಸುವುದು ಇಬ್ಬರ ಕೆಲಸ. ಒಬ್ಬರು ಕಾರಿನೊಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಸಣ್ಣ ತಿರುಪನ್ನು ಸಡಿಲಿಸಿ ಹಳೆಯ ಎಣ್ಣೆಯನ್ನು ಕೊಳವೆಯಲ್ಲಿ ಹೊರಗೆ ಬಿಡಬೇಕು. ಒಳಗಿರುವವರಿಗೆ ಹೊರಗಿನದು ಕಾಣುವುದಿಲ್ಲ. ಇವರು ಮೂರು ಮಾತು ಹೇಳುತ್ತಿದ್ದರು. 'ಒತ್ತು' ಎಂದರೆ ನಾಲ್ಕೈದು ಸಲ ಪೆಡಲ್ ತುಳಿಯಬೇಕು. 'ಹಿಡಿ' ಎಂದರೆ ತುಳಿದು ಹಾಗೇ ಹಿಡಿದಿರಬೇಕು. ಇವರು ತಿರುಪು ಸಡಿಲಿಸಿದಾಗ ಪೆಡಲು ಪಾದದ ಕೆಳಗೆ ಮೆಲ್ಲಗೆ ನೆಲಕ್ಕೆ ಇಳಿಯುತ್ತದೆ. ಮತ್ತೆ ಬಿಗಿ ಮಾಡಿ 'ಬಿಡು' ಎನ್ನುವವರೆಗೆ ಕಾಲು ತೆಗೆಯುವ ಹಾಗಿಲ್ಲ. ತೆಗೆದರೆ ಒಳಗೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಬ್ರೇಕ್ ಹಿಡಿಯುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಮೊದಲೇ ಬಿಟ್ಟು ಇಡೀ ದಿನದ ಬೈಗುಳ ತಿಂದಿದ್ದೆ. ಆಮೇಲೆ ಎಂದೂ ಬಿಟ್ಟವಳಲ್ಲ.

ಸೆಪ್ಟೆಂಬರಿನ ಶನಿವಾರ ಶೆಡ್ಡಿನಲ್ಲಿ ಗದ್ದಲವಿತ್ತು. ಇವರು ಚಕ್ರಗಳನ್ನು ಬಿಚ್ಚಿ, ಪ್ಯಾಡು ಬದಲಿಸಿ, ಕಾರನ್ನು ಮೊಣಕಾಲೆತ್ತರಕ್ಕೆ ಇಳಿಸಿ ನನ್ನನ್ನು ಒಳಗೆ ಹತ್ತಿಸಿದರು. ಕ್ರಮ ಪ್ರಕಾರ ಹಿಂದಿನ ಬಲಚಕ್ರದಿಂದ ಶುರು. 'ಒತ್ತು' ಎಂದರು. ಒತ್ತಿದೆ. 'ಹಿಡಿ' ಎಂದರು. ಹಿಡಿದೆ. ಪೆಡಲು ನೆಲ ಮುಟ್ಟಿತು.

'ಬಿಡು' ಬರಲಿಲ್ಲ.

ತಿರುಪು ಕಚ್ಚಿಕೊಂಡಿರಬೇಕು ಎಂದುಕೊಂಡೆ. ಕೊಳವೆ ಜಾರಿರಬೇಕು ಎಂದುಕೊಂಡೆ. ಪಕ್ಕದ ಲಿಫ್ಟಿನವನು ರೇಡಿಯೋ ಜೋರಾಗಿ ಹಾಕಿದ್ದ. 'ಹೋಯ್, ಆಯ್ತಾ?' ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ತೊಡೆ ನಡುಗಲು ಶುರುವಾಯಿತು. ಎಡಗಾಲನ್ನೂ ಬಲಗಾಲಿನ ಮೇಲಿಟ್ಟು ಒತ್ತಿ ಹಿಡಿದೆ. ಬಗ್ಗಿ ಕನ್ನಡಿಯಲ್ಲಿ ನೋಡಿದರೆ ಹಿಂದೆ ಯಾರ ತಲೆಯೂ ಕಾಣಲಿಲ್ಲ. ಇವರಿಗೆ ಏನೋ ಆಗಿದೆ, ಅಲ್ಲೇ ಬಿದ್ದಿದ್ದಾರೆ ಎನಿಸಿತು. ಆಗಲೂ, ನೀವು ನಗಬಹುದು, ಗಾಳಿ ಹೋಗುತ್ತದಲ್ಲ ಎಂದು ಹಿಂದುಮುಂದು ನೋಡಿದೆ. ಆಮೇಲೆ ಕಾಲು ತೆಗೆದು, ಬಾಗಿಲು ತಳ್ಳಿ, ಕೆಳಗೆ ಹಾರಿದೆ.

ಇವರು ಬಿದ್ದಿರಲಿಲ್ಲ. ಶೆಡ್ಡಿನ ಮೂಲೆಯ ಬೇಸಿನ್ನಿನಲ್ಲಿ, ಆ ಮರಳುಮರಳಾದ ಸೋಪು ಹಾಕಿ, ನೆಮ್ಮದಿಯಾಗಿ ಕೈ ತೊಳೆಯುತ್ತಿದ್ದರು. ನನ್ನನ್ನು ನೋಡಿ ಮುಖದ ತುಂಬ ಆಶ್ಚರ್ಯ ಬಂತು. ಸಂತೋಷವೂ ಇತ್ತು.

'ಅರೆ, ನೀನು ಯಾವಾಗ ಬಂದದ್ದು?' ಎಂದರು.

ಬಾಯಿಬಡುಕಿ ಎಂದು ತವರಿನಲ್ಲೂ ಗಂಡನ ಮನೆಯಲ್ಲೂ ಹೆಸರು ಪಡೆದವಳು ನಾನು. ಆವತ್ತು ಒಂದು ಬೈಗುಳವೂ ಹೊರಡಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು. ಬಂದದ್ದು ಬರೀ ಭಯ.

'ಈಗ' ಎಂದೆ. 'ಈಗಷ್ಟೇ ಬಂದೆ. ಬನ್ನಿ, ಬ್ರೇಕಿನ ಕೆಲಸ ಮುಗಿಸುವ.'

ಸುಳ್ಳು ಹೇಳಿ ಕಾರಿನೊಳಗೆ ಹೋಗಿ ಕೂತೆ. ಆಮೇಲಿನದು ಸರಿಯಾಗಿಯೇ ನಡೆಯಿತು. ಇವರು ಒತ್ತು ಎಂದರು, ಹಿಡಿ ಎಂದರು, ಬಿಡು ಎಂದರು. ಬಾಟ್ಲಿಯಲ್ಲಿ ಹಳೆಯ ಎಣ್ಣೆ ತುಂಬಿತು. ಕೈಗಳಿಗೆ ಎಲ್ಲವೂ ನೆನಪಿತ್ತು. ಆದರೆ ಎಲ್ಲಿ ಯಾವುದು ತಪ್ಪಿತೋ, ಯಾವುದು ಬಿಗಿಯಾಯಿತೋ, ಯಾವುದು ಉಳಿಯಿತೋ ಹೇಳಲು ನನಗೆ ಬರುವುದಿಲ್ಲ. ದೀಪ ಹಿಡಿದವಳಿಗೆ ಕೆಲಸ ಬರುತ್ತದೆಯೇ? ಮನೆಗೆ ಬರುವಾಗ ನಾನೇ ಓಡಿಸುತ್ತೇನೆ ಎಂದು ಹಟ ಮಾಡಿ, ಹಿಂದಿನವರು ಹಾರ್ನ್ ಹೊಡೆದರೂ ಕಿವಿಗೆ ಹಾಕಿಕೊಳ್ಳದೆ ನಿಧಾನ ತಂದು ಹೋಫ್‌ನಲ್ಲಿ ನಿಲ್ಲಿಸಿದೆ. ಆಮೇಲೆ ಸೊಪ್ಪು ತರಲಿಕ್ಕೂ ಟ್ರಾಮು ಎಂದೆ.

ಆ ವಾರಗಳು ಹೇಗೆ ಹೋದವೋ ನನಗೇ ಗೊತ್ತು. ಮಗಳು ಮಗುವಿಗೆ ಕಾರಿನ ಸೀಟು ಕೊಂಡ ಫೋಟೋ ಕಳಿಸಿದಳು. ನೀಲಿ ಬಣ್ಣದ್ದು, ಎಲ್ಲ ಕಡೆ ಮೆತ್ತೆ ಇಟ್ಟದ್ದು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಹೇಳಲು ಫೋನು ಎತ್ತಿಕೊಳ್ಳುತ್ತಿದ್ದೆ, ಇವರು ಕೋಣೆಯಿಂದ ಕೋಣೆಗೆ ನಡೆಯುವ ಸದ್ದು ಕೇಳಿ ಇಡುತ್ತಿದ್ದೆ. ಅಪ್ಪನ ಕೈ ಎಂದರೆ ಪ್ರಾಣ ಬಿಡುವ ಮಗಳಿಗೆ ಅದೇ ಕೈಯ ಮೇಲೆ ದೂರು ಹೇಳುವುದು ಹೇಗೆ? ಒಮ್ಮೆ ಮರೆತರು, ಅಷ್ಟೇ ಇರಬಹುದು. ನಾನೂ ಹಾಲು ಉಕ್ಕಿಸುತ್ತೇನೆ. ಆದರೆ ಉಕ್ಕಿದ ಹಾಲಿನಲ್ಲಿ ಮೊಮ್ಮಗುವನ್ನು ಕೂರಿಸಿ ಆಟೋಬಾನ್‌ಗೆ ಕಳಿಸುವುದಿಲ್ಲವಲ್ಲ. ಇವರಿಗೇ ಹೇಳೋಣವೆಂದರೆ ಕೆಲಸದಿಂದ ನಿವೃತ್ತಿಯಾದ ಮೇಲೆ ಇವರಿಗೆ ಉಳಿದದ್ದು ಅದೊಂದೇ. ಕದ್ದು ಗ್ಯಾರೇಜಿಗೆ ಒಯ್ಯೋಣವೆಂದರೆ ಕೀ ಇವರ ಪ್ಯಾಂಟಿನ ಜೇಬು ಬಿಟ್ಟು ಬರುತ್ತಿರಲಿಲ್ಲ. ಚಳಿಗಾಲದ ಚಕ್ರ ಹಾಕುವುದೊಂದು ಬಾಕಿ ಎಂದು ಇವರು ದಿನಕ್ಕೆ ಎರಡು ಸಲ ನೆನಪಿಸುತ್ತಿದ್ದರು.

ಹೀಗಿರುವಾಗ ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಆಯುಧಪೂಜೆ ತಪ್ಪಿದ್ದಿಲ್ಲ. ಇವರು ದೇವರನ್ನು ನಂಬುವವರಲ್ಲ, ಆದರೆ ತಮ್ಮ ಅಮ್ಮನ ನಿಯಮಗಳನ್ನು ಮೀರುವವರೂ ಅಲ್ಲ. ಕಾರಿನ ಚಕ್ರಗಳಡಿಗೆ ಲಿಂಬೆಹಣ್ಣು ಇಟ್ಟು ಜಜ್ಜುವುದು, ಆಮೇಲೆ ಮೇಲಿನ ಮುದುಕಿಗೆ ಹೆದರಿ ನೆಲ ಒರೆಸುವುದು, ಕೆಲ್ಲರಿನಿಂದ ನಾಲ್ಕು ಸ್ಪ್ಯಾನರು ತಂದು ಪುಸ್ತಕದ ಕಪಾಟಿನ ಕೆಳಖಾನೆಯಲ್ಲಿರುವ ದೇವರ ಮುಂದೆ ಇಡುವುದು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ಅಕ್ಷತೆ ಹಾಕಿ ಕದಲಿಸುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಕದಲಿಸುವುದೆಂದರೆ ಇಟ್ಟ ಜಾಗದಿಂದ ಉತ್ತರಕ್ಕೆ ಒಂದಿಷ್ಟು ಸರಿಸುವುದು. ಅಷ್ಟಾದರೆ ಪೂಜೆ ಮುಗಿಯಿತು, ಕೆಲಸಕ್ಕೆ ತೆಗೆದುಕೊಳ್ಳಬಹುದು. ನಮ್ಮ ಮನೆಯಲ್ಲಿ ಅದು ಹೆಂಗಸರ ಕೆಲಸ.

ಈ ಸಲ ನಾನು ನಾಲ್ಕು ಸ್ಪ್ಯಾನರಿಗೆ ನಿಲ್ಲಿಸಲಿಲ್ಲ. ಕೆಲ್ಲರಿಗೆ ಎಷ್ಟೋ ಸಲ ಹತ್ತಿ ಇಳಿದು ಪೆಟ್ಟಿಗೆ ಪೆಟ್ಟಿಗೆಯನ್ನೇ ತಂದೆ. ಜ್ಯಾಕು, ಚಕ್ರದ ಬೋಲ್ಟು ಬಿಗಿಯುವ ಉದ್ದದ ಹಿಡಿಕೆ, ಸ್ಕ್ರೂಡ್ರೈವರು, ಇಕ್ಕಳ, ಕಿರುಬೆರಳಿನಷ್ಟು ಸಣ್ಣ ಸಣ್ಣ ಸಾಮಾನುಗಳು. ಹಳೆಯ ಸೀರೆ ಹಾಸಿ ಎಲ್ಲವನ್ನೂ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟೆ.

'ಇದೆಂತ ಮಾರಾಯ್ತಿ, ಇಡೀ ಕೆಲ್ಲರೇ ಮೇಲೆ ಬಂತಲ್ಲ!' ಎಂದು ಇವರು ನಕ್ಕರು.

'ಕೀ ಕೊಡಿ' ಎಂದೆ. 'ಅದೂ ಆಯುಧವೇ.'

ಜೇಬಿನಿಂದ ತೆಗೆದು ಕೊಟ್ಟರು. ಹರಿವಾಣದಲ್ಲಿ ಇಟ್ಟು ಮೇಲೊಂದು ಸೇವಂತಿಗೆ ಇಟ್ಟೆ. ಕೈ ಮುಗಿದಾಗ ನಾನು ಕೇಳಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾರನೆಯ ದಿನ ನಾನು ಕದಲಿಸಲಿಲ್ಲ.

'ಕದಲಿಸಿದ್ಯಾ? ಚಕ್ರ ಹಾಕ್ಲಿಕ್ಕುಂಟು' ಎಂದು ಬೆಳಿಗ್ಗೆಯೇ ಕೇಳಿದರು.

'ಸ್ನಾನ ಆಗ್ಲಿಲ್ಲ' ಎಂದೆ. ಸ್ನಾನವಾದ ಮೇಲೆ ರಾಹುಕಾಲ ಎಂದೆ. 'ರಾಹು ಡಾರ್ಮ್‌ಸ್ಟಾಟಿನವರೆಗೂ ಬರ್ತಾನಾ?' ಎಂದು ತಮಾಷೆ ಮಾಡಿದರು, ಆದರೆ ಮುಟ್ಟಲಿಲ್ಲ. ಮಂಗಳವಾರ ಬಂದಾಗ ಮಂಗಳವಾರ ಕದಲಿಸಲಿಕ್ಕುಂಟಾ ಎಂದೆ. ಬುಧವಾರ ತಲೆನೋವು ಎಂದು ಮಲಗಿದೆ. ಹೂವು ಬಾಡಿತು. ಕುಂಕುಮ ಉದುರಿ ಸೀರೆಯ ಮೇಲೆ ಬಿತ್ತು. ಇವರು ದಿನವಿಡೀ ಆ ಕೋಣೆಗೆ ಬಂದು ಹೋಗುತ್ತಿದ್ದರು. ಬಾಗಿ ನೋಡುತ್ತಿದ್ದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಅದನ್ನು ಕಂಡಾಗ, ತಿನ್ನುವ ತಟ್ಟೆಯನ್ನೇ ಕಿತ್ತುಕೊಂಡವಳ ಹಾಗೆ ನನಗೆ ನನ್ನ ಮೇಲೆ ಅಸಹ್ಯವಾಗುತ್ತಿತ್ತು.

ಗುರುವಾರ ಬೆಳಿಗ್ಗೆ ನಾನು ಕಾಫಿ ತಂದಾಗ ಇವರು ದೇವರ ಮುಂದಿನ ಮಣೆಯ ಮೇಲೆ ಕೂತಿದ್ದರು. ಮಗಳು ಬರುವುದು ಶನಿವಾರ.

'ನೀನು ಇದನ್ನು ಕದಲಿಸುದಿಲ್ಲ, ಅಲ್ವಾ?' ಎಂದರು, ತಿರುಗಿ ನೋಡದೆ.

'ಹಾಗೇನಿಲ್ಲ. ನಾಳೆ ಶುಕ್ರವಾರ, ದೇವರನ್ನು ಕಳಿಸುವ ದಿನ ಅಲ್ಲ...'

'ಇವತ್ತು ಗುರುವಾರ. ಗುರುವಾರಕ್ಕೆ ಎಂತ ದೋಷ ಉಂಟು?'

ಗುರುವಾರಕ್ಕೆ ಯಾವ ದೋಷವೂ ಇರಲಿಲ್ಲ. ನನ್ನಲ್ಲಿದ್ದ ಸುಳ್ಳುಗಳು ಮುಗಿದಿದ್ದವು. ಕಾಫಿಯನ್ನು ನೆಲದಲ್ಲಿಟ್ಟು ಇವರ ಪಕ್ಕದಲ್ಲೇ ಕೂತೆ.

'ಆ ಶನಿವಾರ ನಾನು ಆಗಷ್ಟೇ ಬಂದದ್ದಲ್ಲ' ಎಂದೆ. 'ನಿಮ್ಮ ಜೊತೆಯಲ್ಲೇ ಬಂದಿದ್ದೆ. ನೀವು ಹಿಡಿ ಅಂದ್ರಿ. ನಾನು ಹಿಡಿದುಕೊಂಡಿದ್ದೆ. ನೀವು ನನ್ನನ್ನು ಅಲ್ಲೇ ಮರೆತು ಕೈ ತೊಳೀಲಿಕ್ಕೆ ಹೋದ್ರಿ.'

ಇವರು ಎದುರಿದ್ದ ಸ್ಪ್ಯಾನರುಗಳನ್ನೇ ನೋಡುತ್ತಿದ್ದರು.

'ತುಂಬ ಹೊತ್ತು ಹಿಡ್ಕೊಂಡಿದ್ಯಾ?'

'ಕಾಲು ನಡುಗುವವರೆಗೆ.'

'ಬಿಡಬೇಕಿತ್ತು ಮಾರಾಯ್ತಿ.'

'ನೀವು ಹೇಳ್ಲಿಲ್ಲ ಅಲ್ಲ.'

ಆಗ ಇವರು ಅತ್ತರು. ಮದುವೆಯಾದಾಗಿನಿಂದ ನಾನು ನೋಡಿದ ಮೊದಲ ಅಳು. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ ಅತ್ತರು. 'ನನಗೂ ಗೊತ್ತಾಗ್ತಾ ಉಂಟು' ಎಂದರು. 'ಕೆಲವು ಸಲ ಕೈಯಲ್ಲಿ ಸ್ಪ್ಯಾನರ್ ಇರ್ತದೆ, ಯಾವುದಕ್ಕೆ ತೆಗೊಂಡದ್ದು ಅಂತ ಗೊತ್ತಾಗುದಿಲ್ಲ. ನಿನಗೆ ಹೇಗೆ ಹೇಳುದು?' ನಾನು ಇವರ ಕೈ ಹಿಡಿದುಕೊಂಡೆ. ವಾರಗಳಿಂದ ಕೆಲಸವಿಲ್ಲದ ಆ ಕೈಯ ಉಗುರುಗಳು ಮೊದಲ ಬಾರಿಗೆ ಬೆಳ್ಳಗಿದ್ದವು.

ಕಣ್ಣೊರೆಸಿಕೊಂಡು ಇವರೇ ಹೇಳಿದರು: 'ಕೀ ಒಂದನ್ನು ಕದಲಿಸು. ಗ್ಯಾರೇಜಿಗೆ ಕೊಡುವ. ನಾಲ್ಕೂ ಚಕ್ರದ ಬ್ರೇಕು ನೋಡ್ಲಿಕ್ಕೆ ಹೇಳು. ಉಳಿದದ್ದೆಲ್ಲ ಅಲ್ಲೇ ಇರ್ಲಿ.'

ಅಕ್ಷತೆ ಹಾಕಿ ಕೀಯನ್ನು ಉತ್ತರಕ್ಕೆ ಸರಿಸಿದೆ. ಉಳಿದದ್ದನ್ನು ಮುಟ್ಟಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲೇ ಒಂದು ಗ್ಯಾರೇಜಿದೆ. ಇಷ್ಟು ವರ್ಷ ಅದರ ಮುಂದೆ ಇವರು ಮುಖ ತಿರುಗಿಸಿಕೊಂಡು ನಡೆದವರು. ಈ ದೇಶದಲ್ಲಿ ಮೊದಲೇ ಟೆರ್ಮಿನ್, ಅಂದರೆ ಭೇಟಿಯ ಸಮಯ, ಗೊತ್ತು ಮಾಡಿಕೊಳ್ಳದೆ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೆ ಬ್ರೇಕು, ಸಣ್ಣ ಮಗು, ಭಾನುವಾರ ಬರ್ಲಿನ್ನಿಗೆ ಎಂದು ನಾನು ಕೌಂಟರಿನಲ್ಲಿ ಗೋಗರೆದ ಮೇಲೆ ಅಲ್ಲಿದ್ದ ಹೆಂಗಸು ಮರುದಿನ ಬೆಳಿಗ್ಗೆ ತನ್ನಿ ಎಂದಳು. ಶುಕ್ರವಾರ ನಾನು ನಡೆಯುವ ವೇಗದಲ್ಲಿ ಕಾರು ಓಡಿಸಿದೆ. ಇವರು ಪಕ್ಕದಲ್ಲೇ ನಡೆದು ಬಂದರು. ಚಳಿಗಾಲದ ಚಕ್ರಗಳನ್ನೂ ಅವರೇ ಹಾಕಲಿ ಎಂದು ಹಿಂದಿನ ಸೀಟಿನಲ್ಲಿ ತುಂಬಿಕೊಂಡಿದ್ದೆವು.

ಮಧ್ಯಾಹ್ನ ಕರೆದರು. ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ ಬಂದ. ಮೂರು ಚಕ್ರಗಳ ಕೆಲಸ ಚೊಕ್ಕವಾಗಿದೆ, ಎಣ್ಣೆಯಲ್ಲಿ ಗಾಳಿಯಿಲ್ಲ ಎಂದ. ಆದರೆ ಹಿಂದಿನ ಬಲಚಕ್ರದಲ್ಲಿ ಬ್ರೇಕನ್ನು ಹಿಡಿದಿಡುವ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿದ್ದು ಬಿಟ್ಟರೆ ಬಿಗಿ ಮಾಡಿಯೇ ಇಲ್ಲ, ಒಂದು ಆಗಲೇ ಅರ್ಧ ಹೊರಗೆ ಬಂದಿದೆ. ಮಗುವಿನ ನೀಲಿ ಸೀಟು ಕಣ್ಣ ಮುಂದೆ ಬಂತು.

'ಇದನ್ನು ಯಾರು ಮಾಡಿದ್ದು?' ಎಂದು ಅವನು ಕೇಳಿದ.

ಬೇರೆ ಊರಿನ ಯಾವುದೋ ಗ್ಯಾರೇಜು ಎನ್ನಲು ನಾನು ಬಾಯಿ ತೆರೆದಿದ್ದೆ. ಇವರು ನನ್ನ ತೋಳು ಮುಟ್ಟಿ ತಡೆದರು.

'ನಾನು' ಎಂದರು ಜರ್ಮನ್‌ನಲ್ಲಿ, ಕಚೇರಿಯಲ್ಲಿ ಮಾತಾಡುತ್ತಿದ್ದ ಅದೇ ನೇರ ದನಿಯಲ್ಲಿ. 'ಇನ್ನು ಮುಂದೆ ಮಾಡುವುದಿಲ್ಲ.'

ಬೋಲ್ಟು ನೋಡಬಹುದೇ ಎಂದು ಕೇಳಿ ಒಳಗೆ ಹೋದರು. ಬೆರಳಲ್ಲಿ ಮುಟ್ಟಿ ನೋಡಿದರು. ಬೋಲ್ಟು ಬಿಗಿಸಿ, ಚಕ್ರ ಹಾಕಿಸಿ ಸಂಜೆ ಕಾರನ್ನು ಹೋಫ್‌ಗೆ ತಂದು ನಿಲ್ಲಿಸಿದೆ.

ಶನಿವಾರ ಮಗಳು ಬಂದಳು. ಬಾಗಿಲಲ್ಲೇ ಮಗುವನ್ನು ನನ್ನ ಕೈಗೆ ಕೊಟ್ಟು, 'ಪಾಪಾ, ಅಲ್ಲೆಸ್ ಗೂಟ್? ಎಲ್ಲ ಸರಿ ಅಲ್ವಾ? ನೀನೇ ಎಲ್ಲ ನೋಡಿದ್ಯಲ್ಲ?' ಎಂದಳು.

'ಇಲ್ಲ. ಗ್ಯಾರೇಜಿನವರು ನೋಡಿದ್ದಾರೆ. ಇನ್ನು ಮೇಲೆ ನೀನೂ ಅವರಿಗೇ ಕೊಡು.'

ತಮಾಷೆ ಎಂದುಕೊಂಡು ನಕ್ಕಳು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. ಅಡಿಗೆಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಕೊತ್ತಂಬರಿ ಬಿಡಿಸುತ್ತಾ ಅತ್ತಳು, ಆಮೇಲೆ ಫೋನು ತೆಗೆದು ನೆನಪಿನ ಡಾಕ್ಟರರ ಟೆರ್ಮಿನ್ ಯಾವಾಗ ಸಿಗುತ್ತದೆಂದು ಹುಡುಕತೊಡಗಿದಳು. ಹೊರಗಿನ ಕೋಣೆಯಲ್ಲಿ ಇವರು ಮಗುವಿಗೆ ಬೊಟ್ಟು ಮಾಡಿ ಒಂದೊಂದೇ ಸ್ಪ್ಯಾನರಿನ ಅಳತೆ ಹೇಳುತ್ತಿದ್ದರು. ಮುಟ್ಟುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಗುವನ್ನು ನೀಲಿ ಸೀಟಿನಲ್ಲಿ ಕಟ್ಟಿ ಕೂರಿಸಿದೆವು. ಮಗಳು ಇಂಜಿನ್ ಶುರು ಮಾಡಿ ಕಿಟಕಿ ಇಳಿಸಿದಳು. ಇವರು ಬಾಗಿ, ಯಾರಿಗೆ ಕಾರು ಕೊಡುವಾಗಲೂ ಹೇಳುವ ಹಾಗೆ, 'ಟೈರಿನ ಗಾಳಿ ಆಗಾಗ ನೋಡ್ತಾ ಇರು' ಎಂದರು. 'ಮುಂದಿನದಕ್ಕೆ...'

ಅಲ್ಲಿಗೆ ನಿಂತರು. ಮಗಳು ಕಾದಳು. ಇವರು ಮೆಲ್ಲಗೆ ನನ್ನ ಕಡೆ ತಿರುಗಿದರು, ಇವಳಿಗೆ ಗೊತ್ತಿರುತ್ತದೆ ಎಂಬ ನಂಬಿಕೆಯಲ್ಲಿ. ಪ್ರತಿಯೊಂದು ಪೆಟ್ರೋಲ್ ಬಂಕಿನಲ್ಲಿ, ಪ್ರತಿಯೊಂದು ಪ್ರಯಾಣದ ಮುಂಚೆ ನನ್ನ ಕಿವಿಯ ಮೇಲೆ ಬಿದ್ದ ಆ ಸಂಖ್ಯೆ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಅನಿಸಿಯೇ ಇರಲಿಲ್ಲ. ಇವರಿಗೆ ಗೊತ್ತಿತ್ತಲ್ಲ.

ಮಗಳು ಬಾಗಿಲು ತೆರೆದು ಚೌಕಟ್ಟಿನಲ್ಲಿ ಅಂಟಿಸಿದ್ದ ಗಾಳಿಯ ಅಳತೆಯ ಚೀಟಿಯನ್ನು ಬಗ್ಗಿ ಓದಿದಳು. 'ಮುಂದೆ ಎರಡೂವರೆ. ಹಿಂದೆ ಎರಡು ಪಾಯಿಂಟ್ ಮೂರು.'

'ಹಾಂ, ಅದೇ' ಎಂದರು ಇವರು, ಸಮಾಧಾನವಾದವರಂತೆ.

ಕಾರು ಹೋಫ್ ದಾಟಿ ಬೀದಿಗೆ ತಿರುಗಿತು. ತಿರುವಿನಲ್ಲಿ ಅವಳು ಬ್ರೇಕ್ ಹಾಕಿದಳು. ಹಿಂದಿನ ಕೆಂಪು ದೀಪಗಳು ಹೊತ್ತಿ ಆರಿದವು, ನಾನು ಉಸಿರು ಬಿಟ್ಟೆ. ಇವರು ಅಲ್ಲೇ ನಿಂತಿದ್ದರು.

'ಎಷ್ಟು ಅಂದಳು?' ಎಂದು ಕೇಳಿದರು.

'ಮುಂದೆ ಎರಡೂವರೆ, ಹಿಂದೆ ಎರಡು ಪಾಯಿಂಟ್ ಮೂರು' ಎಂದೆ. ಅಷ್ಟರಲ್ಲಿ ನಾನು ಬಾಯಿಪಾಠ ಮಾಡಿಕೊಂಡಿದ್ದೆ.